ಐದು ಗೆರೆಗಳ ಲೆಕ್ಕ

ಸಿನಿಮಾ ನೋಡಿ ವಿಮರ್ಶೆ ಬರೆಯುತ್ತೇವೆ. ಕಾದಂಬರಿ ಓದಿ ಬರೆಯುತ್ತೇವೆ. ಧಾರಾವಾಹಿಯ ಅತ್ತೆ ಸೊಸೆಯರನ್ನಂತೂ ಬರೆಯುವ ಕಷ್ಟವೇ ಇಲ್ಲದೆ ದಿನವಿಡೀ ವಿಮರ್ಶಿಸುತ್ತಲೇ ಇರುತ್ತೇವೆ. ಆದರೆ ಅದೇ ಟೀವಿಯ ಮುಂದೆ ಮಕ್ಕಳು ರಜೆಯ ಮಧ್ಯಾಹ್ನಗಳನ್ನೆಲ್ಲ ಕಳೆಯುವ ವಿಡಿಯೋ ಗೇಮ್ ಬಗ್ಗೆ ನಮ್ಮಲ್ಲಿರುವ ವಿಮರ್ಶೆ ಒಂದೇ ಸಾಲಿನದು: "ಕಣ್ಣು ಹಾಳಾಗುತ್ತೆ, ಆರಿಸು." ಕಣ್ಣಿನ ಮಾತು ನಿಜವೇ. ಆದರೆ ಕಣ್ಣಿನ ಹಿಂದಿರುವ ತಲೆಯೊಳಗೆ ಆ ಆಟ ಏನನ್ನು ತುಂಬುತ್ತಿದೆ ಎಂದು ಪಕ್ಕದಲ್ಲಿ ಕೂತು ನೋಡಿದವರು ಕಡಿಮೆ. ಅದೂ ಒಂದು ಕೃತಿ. ಯಾರೋ ಯೋಚಿಸಿ ಕಟ್ಟಿದ್ದು, ಕೋಟ್ಯಂತರ ಮಂದಿ ಕೈಯಲ್ಲಿ ಹಿಡಿದಿದ್ದು. ಅಂದಮೇಲೆ ಅದನ್ನೂ ಒರೆಗೆ ಹಚ್ಚಿ ನೋಡಬೇಕಲ್ಲವೆ?

ನನ್ನ ತಂಗಿಯ ಮೊಮ್ಮಕ್ಕಳಿಬ್ಬರು, ಹನ್ನೊಂದರ ಹುಡುಗಿ ಮತ್ತು ಎಂಟರ ಹುಡುಗ, ರಜೆಗೆ ಬಂದಾಗ ತಮ್ಮ ಆಟದ ಪೆಟ್ಟಿಗೆಯನ್ನೂ ತರುತ್ತಾರೆ. ಅವರು ಆಡುವುದು 'ಮಾರಿಯೋ ಕಾರ್ಟ್' ಎಂಬ ರೇಸಿನ ಆಟ. ಕಾರ್ಟ್ ಎಂದರೆ ನೆಲಕ್ಕೆ ಅಂಟಿಕೊಂಡಂತಿರುವ, ಮೇಲೆ ಸೂರಿಲ್ಲದ ಪುಟ್ಟ ಓಟದ ಗಾಡಿ. ಜಪಾನಿನ ಕ್ಯೋಟೋ ನಗರದ ನಿಂಟೆಂಡೋ ಕಂಪನಿ 1992ರಲ್ಲಿ 'ಸೂಪರ್ ಮಾರಿಯೋ ಕಾರ್ಟ್' ಎಂಬ ಹೆಸರಿನಲ್ಲಿ ಇದನ್ನು ಮೊದಲು ತಂದಿತು. ಅಲ್ಲಿಂದಾಚೆ ಅದರ ಹೊಸ ಹೊಸ ಆವೃತ್ತಿಗಳು ಬರುತ್ತಲೇ ಇವೆ. 2014ರಲ್ಲಿ ಬಂದ ಎಂಟನೆಯದನ್ನು 2017ರಲ್ಲಿ 'ಡಿಲಕ್ಸ್' ಎಂಬ ಹೆಸರಿನಲ್ಲಿ ಮತ್ತೆ ಹೊರತಂದರು. ಅದೊಂದೇ ಆರು ಕೋಟಿ ಪ್ರತಿಗೂ ಮೀರಿ ಮಾರಾಟವಾಗಿದೆ. ನಮ್ಮ ಮನೆಯ ಟೀವಿಯಲ್ಲಿ ಓಡುವುದೂ ಅದೇ.

ಆಟ ಸರಳ. ಮೀಸೆಯ ಮಾರಿಯೋ, ರಾಜಕುಮಾರಿ ಪೀಚ್, ಮುಳ್ಳು ಬೆನ್ನಿನ ದೈತ್ಯ ಬೌಸರ್, ಅಣಬೆ ತಲೆಯ ಟೋಡ್ ಇಂಥವರಲ್ಲಿ ಒಬ್ಬರನ್ನು ಆರಿಸಿಕೊಂಡು, ಗಾಡಿ ಹತ್ತಿಸಿ, ಮೂರು ಸುತ್ತು ಓಡಿಸುವುದು. ದಾರಿಯಲ್ಲಿ ಎದುರಾಳಿಗಳು ಬಾಳೆಹಣ್ಣಿನ ಸಿಪ್ಪೆ ಎಸೆಯುತ್ತಾರೆ, ಆಮೆಯ ಚಿಪ್ಪು ಬೀಸುತ್ತಾರೆ, ಸಿಡಿಲು ಹೊಡೆಸಿ ಎಲ್ಲರನ್ನೂ ಕುಬ್ಜರನ್ನಾಗಿಸುತ್ತಾರೆ. ಇಷ್ಟೇ ಆಗಿದ್ದರೆ ನಾನು ಎರಡು ದಿನ ನೋಡಿ ಎದ್ದು ಹೋಗುತ್ತಿದ್ದೆ. ನನ್ನನ್ನು ಹಿಡಿದು ಕೂರಿಸಿದ್ದು ಓಟವಲ್ಲ, ಓಟಕ್ಕೆ ಮುಂಚಿನ ಒಂದು ಪುಟ. ಗಾಡಿ ಆರಿಸುವಾಗ ಪ್ಲಸ್ ಗುರುತಿನ ಗುಂಡಿ ಒತ್ತಿದರೆ ಐದು ಗೆರೆಗಳು ತೆರೆದುಕೊಳ್ಳುತ್ತವೆ. ಸ್ಪೀಡು, ಪಿಕಪ್ಪು, ತೂಕ, ಹ್ಯಾಂಡ್ಲಿಂಗು, ಗ್ರಿಪ್ಪು. ಒಬ್ಬೊಬ್ಬ ಸವಾರನಿಗೂ ಒಂದೊಂದು ಗಾಡಿಗೂ ಈ ಗೆರೆಗಳು ಉದ್ದ ಗಿಡ್ಡ ಆಗುತ್ತವೆ. ಹುಡುಗಿ ಗುಲಾಬಿ ಜಡೆಯ ಟೋಡೆಟ್ ಎಂಬ ಪುಟಾಣಿಯನ್ನು ಆರಿಸಿ, 'ಮಿಸ್ಟರ್ ಸ್ಕೂಟಿ' ಎಂಬ ಪುಟ್ಟ ಸ್ಕೂಟರ್ ಕೊಟ್ಟಳು. ಪಕ್ಕದಿಂದ ತಮ್ಮನ ಉಪದೇಶ: "ಅಕ್ಕಾ, ಅವಳನ್ನ ತಗೋಬೇಡ. ಸ್ಪೀಡ್ ನೋಡು, ಎಷ್ಟು ಕಮ್ಮಿ ಇದೆ!" ಅವನ ಬೌಸರ್‌ನ ಸ್ಪೀಡಿನ ಗೆರೆ ಉದ್ದಕ್ಕೆ ಚಾಚಿಕೊಂಡಿತ್ತು.

ಗುಣಗಳನ್ನು ಹೀಗೆ ಕಾಲಂಗಳಿಗೆ ಇಳಿಸುವುದು ನಮಗೇನೂ ಹೊಸದಲ್ಲ. ಎತ್ತರ, ಬಣ್ಣ, ಓದು, ಕೆಲಸ, ಗೋತ್ರ ಎಂದು ನಮ್ಮನ್ನೂ ಒಂದು ಕಾಲಕ್ಕೆ ಐದು ಗೆರೆಗಳಲ್ಲಿ ಬರೆದು ಯಾರದೋ ಮನೆಗೆ ಕಳಿಸಿದ್ದರು. ಆ ಹಾಳೆಯಲ್ಲಿ ಬರೆದಿದ್ದೆಲ್ಲ ನಿಜವೇ ಇರುತ್ತಿತ್ತು. ಬರೆಯದೇ ಉಳಿದಿದ್ದು ಮಾತ್ರ ಮುಂದಿನ ಮೂವತ್ತು ವರ್ಷ ಸಂಸಾರ ನಡೆಸುತ್ತಿತ್ತು. ಹಾಗಾಗಿ ಗೆರೆಗಳನ್ನು ಕಂಡರೆ ಹೆಂಗಸರಾದ ನಮಗೆ ಸಹಜವಾಗಿಯೇ ಎರಡು ಪ್ರಶ್ನೆ ಏಳುತ್ತವೆ. ಈ ಅಳತೆ ತೆಗೆದಿದ್ದು ಎಂಥ ದಾರಿಯಲ್ಲಿ? ಇದರಲ್ಲಿ ಬರೆಯದೇ ಬಿಟ್ಟಿದ್ದು ಯಾವುದು? ಈ ಆಟದ ವಿಮರ್ಶೆಗೂ ಇವೇ ಎರಡು ಪ್ರಶ್ನೆ ಸಾಕು.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. 1992ರ ಮೊದಲ ಆಟದಲ್ಲಿ ಎಂಟೇ ಸವಾರರು, ಅವರೂ ನಾಲ್ಕು ಜೋಡಿ. ಮಾರಿಯೋ ಮತ್ತು ಅವನ ತಮ್ಮ ಲುಯಿಜಿಯದು ಎಲ್ಲದರಲ್ಲೂ ಮಧ್ಯಮ ದರ್ಜೆ. ಪೀಚ್ ಮತ್ತು ಹಸಿರು ಡೈನೋಸಾರ್ ಯೋಶಿಗೆ ಪಿಕಪ್ ಜಾಸ್ತಿ. ಬೌಸರ್ ಮತ್ತು ಡಾಂಕಿ ಕಾಂಗ್ ಜೂನಿಯರ್ ಎಂಬ ಗೊರಿಲ್ಲಾಗೆ ಕೊನೆಯ ವೇಗ ಜಾಸ್ತಿ. ಆಮೆ ಕೂಪಾ ಮತ್ತು ಟೋಡ್ ತಿರುವಿನಲ್ಲಿ ಹೇಳಿದ ಮಾತು ಕೇಳುವವರು. ಎಲ್ಲ ಗೆರೆಯೂ ತುಂಬಿದವರು ಅಲ್ಲಿ ಯಾರೂ ಇಲ್ಲ. ಒಂದನ್ನು ಪಡೆಯಬೇಕಾದರೆ ಇನ್ನೊಂದನ್ನು ಬಿಡಬೇಕು. ಆರಿಸುವುದೆಂದರೆ ಬಿಡುವುದೂ ಹೌದು ಎಂಬುದನ್ನು ಎಂಟು ವರ್ಷದ ಹುಡುಗನಿಗೆ ಒಂದೂ ನೀತಿಕಥೆ ಹೇಳದೆ ಕಲಿಸುವ ಈ ಏರ್ಪಾಡು ನಿಜಕ್ಕೂ ಜಾಣತನದ್ದು.

ಪಿಕಪ್ಪಿಗೂ ವೇಗಕ್ಕೂ ಇರುವ ವ್ಯತ್ಯಾಸವನ್ನು ಮಕ್ಕಳಿಗಿಂತ ನಾವೇ ಚೆನ್ನಾಗಿ ಬಲ್ಲೆವು. ಸಿಗ್ನಲ್ಲಿನಲ್ಲಿ ಹಸಿರು ದೀಪ ಬಿದ್ದ ಕೂಡಲೇ ಮೊದಲು ಚಿಮ್ಮುವುದು ಸ್ಕೂಟಿ. ಪಕ್ಕದಲ್ಲಿದ್ದ ದೂರ ಪ್ರಯಾಣದ ಬಸ್ಸು ಗುರ್ ಎನ್ನುತ್ತ, ಏದುಸಿರು ಬಿಡುತ್ತ ಇನ್ನೂ ಹೊರಡುತ್ತಿರುತ್ತದೆ. ಊರು ದಾಟಿ ಹೆದ್ದಾರಿ ಸಿಕ್ಕಿದ ಮೇಲೆ ಅದೇ ಬಸ್ಸು ಸ್ಕೂಟಿಯನ್ನು ಎಲ್ಲೋ ಹಿಂದೆ ಬಿಟ್ಟು ಹೋಗುತ್ತದೆ. ಸೊನ್ನೆಯಿಂದ ವೇಗಕ್ಕೆ ಬೇಗ ಬರುವುದು ಪಿಕಪ್ಪು. ಕೊನೆಗೆ ಮುಟ್ಟಬಹುದಾದ ವೇಗ ಬೇರೆ. ಆಟದಲ್ಲಿ ಸ್ಪೀಡು ಎಂದು ಬರೆದಿರುವುದು ಈ ಎರಡನೆಯದು.

ಇನ್ನು ತೂಕ. ಎರಡು ಗಾಡಿಗಳು ಮೈ ಉಜ್ಜಿದಾಗ ಯಾರು ಯಾರನ್ನು ದಾರಿಯಿಂದಾಚೆ ತಳ್ಳುತ್ತಾರೆ ಎನ್ನುವುದನ್ನು ನಿರ್ಧರಿಸುವುದು ಅದು. ಬೌಸರ್ ಸುಮ್ಮನೆ ಪಕ್ಕಕ್ಕೆ ವಾಲಿದರೆ ಸಾಕು, ಟೋಡೆಟ್ ಅಂಚಿಗೆ ಹೋಗಿ ಬೀಳುತ್ತಾಳೆ. ಹ್ಯಾಂಡ್ಲಿಂಗ್ ತಿರುವಿಗೆ, ಗ್ರಿಪ್ ಕೆಸರು ಹುಲ್ಲು ಮಂಜುಗಡ್ಡೆಗೆ. ರೇಸಿನ ವೇಗದಲ್ಲೂ 50, 100, 150, 200 ಸಿಸಿ ಎಂದು ನಾಲ್ಕು ದರ್ಜೆಗಳಿವೆ. 2015ರಲ್ಲಿ ಸೇರಿಸಿದ 200ರ ದರ್ಜೆಯಲ್ಲಿ ಎಂಥ ಸ್ಪೀಡಿನ ಗಾಡಿಗೂ ತಿರುವಿನಲ್ಲಿ ಬ್ರೇಕ್ ಹಾಕದೆ ಗತಿಯಿಲ್ಲ. ಅಲ್ಲಿ ಸ್ಪೀಡಿನ ಗೆರೆಯ ಜಂಬ ತಾನಾಗಿಯೇ ಇಳಿದು ಹ್ಯಾಂಡ್ಲಿಂಗಿನ ಬೆಲೆ ಏರುತ್ತದೆ. ದಾರಿ ಬದಲಾದರೆ ಗುಣದ ಬೆಲೆಯೂ ಬದಲಾಗುತ್ತದೆ. ಇದೂ ಒಳ್ಳೆಯ ಪಾಠವೇ.

ಸ್ಪೀಡು ಕಮ್ಮಿ ಎಂದು ತಮ್ಮ ಆಡಿಕೊಂಡ ಆ ಹುಡುಗಿ ಗೆಲ್ಲುತ್ತಿದ್ದುದನ್ನು ನೋಡಿಯೇ ನನಗೆ ಈ ಲೆಕ್ಕದ ಒಳಗು ಅರ್ಥವಾಗತೊಡಗಿದ್ದು. ಹನ್ನೆರಡು ಗಾಡಿಗಳು ಒಟ್ಟಿಗೆ ನುಗ್ಗುವ ರೇಸಿನಲ್ಲಿ ಹೆಚ್ಚಾಗಿ ಅವಳೇ ಮುಂದೆ. ಆದರೆ 'ಟೈಮ್ ಟ್ರಯಲ್' ಎಂದು ಇನ್ನೊಂದು ಬಗೆಯಿದೆ. ಅಲ್ಲಿ ಹೊಡೆಯುವವರು, ಸಿಪ್ಪೆ ಎಸೆಯುವವರು ಯಾರೂ ಇಲ್ಲ. ಒಬ್ಬರೇ ಗಡಿಯಾರದ ಎದುರು ಓಡುವುದು. ಅಲ್ಲಿ ತಮ್ಮನದೇ ಮೇಲುಗೈ. ಅದೇ ಮಕ್ಕಳು, ಅದೇ ಗಾಡಿಗಳು, ಅದೇ ದಾರಿ. ಬದಲಾದದ್ದು ಒಂದೇ: ನಡುವೆ ಬಂದು ತಡೆಯುವವರು ಇದ್ದಾರೋ ಇಲ್ಲವೋ ಎನ್ನುವುದು.

ಯೋಚಿಸಿ ನೋಡಿ. ಕೊನೆಯ ವೇಗ ಪ್ರಯೋಜನಕ್ಕೆ ಬರಬೇಕಾದರೆ ಮೊದಲು ಆ ವೇಗ ಮುಟ್ಟಬೇಕು, ಆಮೇಲೆ ಅದರಲ್ಲೇ ಉಳಿಯಬೇಕು. ಚಿಪ್ಪು ಬಡಿದು ಗಾಡಿ ಗಿರಗಿರನೆ ತಿರುಗಿ ನಿಂತಿತೆಂದರೆ ಕೂಡಿಸಿದ್ದೆಲ್ಲ ಸೊನ್ನೆ. ಮತ್ತೆ ಮೊದಲಿಂದ. ಭಾರದ ಬೌಸರ್ ಏದುಸಿರು ಬಿಟ್ಟು ತನ್ನ ಪೂರ್ತಿ ವೇಗಕ್ಕೆ ಬರುವಷ್ಟರಲ್ಲಿ ಇನ್ನೊಂದು ಸಿಪ್ಪೆ ಕಾದಿರುತ್ತದೆ. ಟೋಡೆಟ್‌ಗೂ ಹೊಡೆತ ಬೀಳುತ್ತದೆ, ಆದರೆ ಅವಳು ಎದ್ದ ಕೂಡಲೇ ಓಡುತ್ತಿರುತ್ತಾಳೆ. ಸ್ಪೀಡಿನ ಗೆರೆ ಯಾರೂ ತಡೆಯದವರಿಗೆ ಸೇರಿದ್ದು. ಪಿಕಪ್ಪಿನ ಗೆರೆ ಮತ್ತೆ ಮತ್ತೆ ತಡೆಸಿಕೊಳ್ಳುವವರಿಗೆ ಸೇರಿದ್ದು. ಪುಟದ ತುದಿಯಲ್ಲಿ ಮೊದಲು ಬರೆದಿರುವುದು ಸ್ಪೀಡನ್ನು, ಮಕ್ಕಳ ಕಣ್ಣು ಮೊದಲು ಹೋಗುವುದೂ ಅಲ್ಲಿಗೇ. ಆದರೆ ಈ ಆಟದ ದಾರಿ ತುಂಬ ಇರುವುದು ತಡೆ.

ಒಂದು ಲೇಖನ ಬರೆಯಲು ಕೂತರೆ ಹಾಲಿನವನು, ಗ್ಯಾಸಿನವನು, ಕುಕ್ಕರಿನ ಸೀಟಿ, ಮಾವನವರ ಮಾತ್ರೆ, ಮಗಳ ಫೋನು ಎಂದು ಏಳು ಸಲ ಎದ್ದು ಬರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಗಿಲು ಹಾಕಿಕೊಂಡು ನಾಲ್ಕು ಗಂಟೆ ಒಂದೇ ಸಮನೆ ಕೆಲಸ ಮಾಡುವವರ ವೇಗವನ್ನು ಜಗತ್ತು ವೇಗ ಎಂದು ಕರೆಯುತ್ತದೆ. ಎಂಟನೆಯ ಸಲ ಕೂತು, ಬಿಟ್ಟ ಸಾಲನ್ನು ಬಿಟ್ಟಲ್ಲಿಂದಲೇ ಹಿಡಿಯುವುದಕ್ಕೆ ಹೆಸರೇ ಇಲ್ಲ. ಇಲ್ಲಿ ಅದಕ್ಕೊಂದು ಹೆಸರಿದೆ, ಅಳತೆಯಿದೆ, ಅದಕ್ಕೆ ಗೆಲ್ಲುವ ಅವಕಾಶವೂ ಇದೆ. ಆಟವನ್ನು ನಾನು ಮೆಚ್ಚಿದ ದೊಡ್ಡ ಕಾರಣ ಇದು.

ಈಗ ದೂರು. ಮೊದಲ ದೂರು ಬರೆಯದೇ ಬಿಟ್ಟಿರುವ ಅಂಕಿಗಳ ಬಗ್ಗೆ. ಎಂಟನೆಯ ಆಟದಲ್ಲಿ ಸವಾರ, ಗಾಡಿ, ಟೈರು, ಗಾಳಿಯಲ್ಲಿ ತೇಲುವಾಗ ಬಿಚ್ಚುವ ಗ್ಲೈಡರ್ ಎಂದು ನಾಲ್ಕನ್ನು ನಾವೇ ಜೋಡಿಸಬೇಕು. ನಾಲ್ಕರ ಅಂಕಗಳನ್ನು ಕೂಡಿ ಗೆರೆ ಎಳೆಯುತ್ತಾರೆ. ನುಣುಪಾದ ಟೈರು ಹಾಕಿದರೆ ಸ್ಪೀಡು ಏರಿ ಗ್ರಿಪ್ಪು ಇಳಿಯುತ್ತದೆ, ರೋಲರ್ ಎಂಬ ಪುಟ್ಟ ಟೈರು ಹಾಕಿದರೆ ಪಿಕಪ್ಪು ಏರುತ್ತದೆ. ಇಲ್ಲಿಯವರೆಗೆ ಸರಿ. ಆದರೆ ಆಟದ ಕಡತಗಳನ್ನು ಬಗೆದು ನೋಡಿದ ಆಟಗಾರರಿಗೆ ಬೇರೆಯೇ ಲೆಕ್ಕ ಸಿಕ್ಕಿತು. ಸ್ಪೀಡು ಎಂದು ಒಂದೇ ಗೆರೆ ತೋರಿಸಿದರೂ ಒಳಗೆ ನೆಲಕ್ಕೊಂದು, ನೀರಿಗೊಂದು, ಗಾಳಿಗೊಂದು, ಗೋಡೆ ಚಾವಣಿಗಳ ಮೇಲೆ ಅಂಟಿಕೊಂಡು ಓಡುವಾಗಿನದಕ್ಕೊಂದು ಎಂದು ನಾಲ್ಕು ವೇಗಗಳಿವೆ. ಹ್ಯಾಂಡ್ಲಿಂಗ್ ಕೂಡ ಹಾಗೆಯೇ ನಾಲ್ಕು. ಇದಲ್ಲದೆ ಗೆರೆಯೇ ಇಲ್ಲದ ಇನ್ನೂ ಎರಡು ಗುಣಗಳಿವೆ.

ಆ ಎರಡರಲ್ಲಿ ಒಂದರ ಹೆಸರು ಮಿನಿ ಟರ್ಬೋ. ತಿರುವಿನಲ್ಲಿ ಗಾಡಿಯನ್ನು ಬೇಕೆಂದೇ ಜಾರಿಸುತ್ತ ಹಿಡಿದರೆ ಚಕ್ರದ ಕೆಳಗೆ ಕಿಡಿ ಹಾರುತ್ತದೆ. ಮೊದಲು ನೀಲಿ, ಆಮೇಲೆ ಕಿತ್ತಳೆ, ಇನ್ನೂ ಹಿಡಿದಿಟ್ಟರೆ ನೇರಳೆ. ಬಿಟ್ಟ ಕೂಡಲೇ ಗಾಡಿ ಒಮ್ಮೆ ಮುಂದಕ್ಕೆ ಚಿಮ್ಮುತ್ತದೆ. ಯಾರಿಗೆ ಕಿಡಿ ಬೇಗ ಕಟ್ಟುತ್ತದೆ, ಯಾರ ಚಿಮ್ಮು ಎಷ್ಟು ಹೊತ್ತು ಇರುತ್ತದೆ ಎನ್ನುವುದೇ ಈ ಗುಪ್ತ ಅಂಕಿ. ಪಿಕಪ್ ಚೆನ್ನಾಗಿದ್ದವರಿಗೆ ಸಾಮಾನ್ಯವಾಗಿ ಇದೂ ಚೆನ್ನಾಗಿರುತ್ತದೆ. ಇನ್ನೊಂದು, ಹೊಡೆತ ತಿಂದ ಮೇಲೆ ಇನ್ನೊಂದು ಹೊಡೆತ ತಾಕದಂತೆ ಕ್ಷಣಕಾಲ ಸಿಗುವ ರಕ್ಷಣೆ. ಅದೂ ಎಲ್ಲರಿಗೂ ಒಂದೇ ಸಮ ಇಲ್ಲ. ಚೆನ್ನಾಗಿ ಆಡುವವರು ಒಂದು ಸುತ್ತಿನಲ್ಲಿ ಹತ್ತಾರು ಸಲ ಕಿಡಿ ಕಟ್ಟಿ ಬಿಡುತ್ತಾರೆ. ಅಂದಮೇಲೆ ಓಟದ ಭವಿಷ್ಯ ಬಹುಮಟ್ಟಿಗೆ ನಿಂತಿರುವುದು ಪುಟದಲ್ಲಿ ಕಾಣದ ಗೆರೆಯ ಮೇಲೆ.

ಇದಕ್ಕೆ ಕಂಪನಿಯ ಪರವಾಗಿ ಒಂದು ಸಮಾಧಾನ ಹೇಳಬಹುದು. ಆಡುವವರು ಮಕ್ಕಳು, ಹದಿನೈದು ಗೆರೆ ತೋರಿಸಿದರೆ ಹೆದರಿ ಓಡುತ್ತಾರೆ. ನನಗೆ ಈ ವಾದ ಹಿಡಿಸುವುದಿಲ್ಲ. ಹೆಂಗಸರಿಗೆ ಬ್ಯಾಂಕಿನ ಲೆಕ್ಕ ಯಾಕೆ, ತಲೆ ಕೆಡಿಸಿಕೊಳ್ಳುತ್ತಾರೆ ಎಂದು ಪಾಸ್‌ಬುಕ್ಕನ್ನು ಬೀರುವಿನಲ್ಲಿಟ್ಟವರೂ ಹೀಗೆಯೇ ಪ್ರೀತಿಯಿಂದ ಮಾತಾಡುತ್ತಿದ್ದರು. ಹೆದರುವವರಿಗೆ ಐದೇ ಗೆರೆ ತೋರಿಸಿ, ಬೇಕೆಂದವರಿಗೆ ಇನ್ನೊಂದು ಗುಂಡಿ ಒತ್ತಿದರೆ ಉಳಿದದ್ದೂ ಕಾಣಲಿ. ಅಷ್ಟು ಮಾಡಲು ಏನಡ್ಡಿ? ಮುಚ್ಚಿಟ್ಟಿದ್ದರ ಫಲ ಏನೆಂದರೆ, ಎಲ್ಲೆಲ್ಲೋ ಹುಡುಕಿ ಪಟ್ಟಿ ಓದಿಕೊಂಡ ಹುಡುಗರು ಗೆಲ್ಲುತ್ತಾರೆ, ಮುದ್ದು ಮುಖ ನೋಡಿ ಆರಿಸಿದ ಪುಟ್ಟಿ ತನಗೆ ಆಡಲು ಬರುವುದಿಲ್ಲ ಎಂದುಕೊಳ್ಳುತ್ತಾಳೆ. ಸೋತಿದ್ದು ಅವಳ ಕೈಯಲ್ಲ, ಅವಳಿಗೆ ಯಾರೂ ತೋರಿಸದಿದ್ದ ಪಟ್ಟಿ.

ಸಹಾಯದಲ್ಲೂ ಹೀಗೊಂದು ಮರೆಯಿದೆ. 2017ರ ಆವೃತ್ತಿಯಲ್ಲಿ ಸಣ್ಣ ಮಕ್ಕಳಿಗೆಂದು 'ಸ್ಮಾರ್ಟ್ ಸ್ಟೀರಿಂಗ್' ಇಟ್ಟರು. ಗಾಡಿ ದಾರಿ ಬಿಟ್ಟು ಹೊರಗೆ ಬೀಳದಂತೆ ಯಂತ್ರವೇ ಹಿಡಿದುಕೊಳ್ಳುತ್ತದೆ. ಒಳ್ಳೆಯ ಯೋಚನೆಯೇ, ಮೂರು ವರ್ಷದ ಮಗುವೂ ಅಣ್ಣ ಅಕ್ಕಂದಿರ ಜೊತೆ ಆಡಬಹುದು. ಆದರೆ ಆ ಸಹಾಯ ಪಡೆಯುವಷ್ಟು ಹೊತ್ತೂ ನೇರಳೆ ಕಿಡಿ ಕಟ್ಟುವುದಿಲ್ಲ. ಬೀಳದಂತೆ ಹಿಡಿದ ಕೈ ಎತ್ತರಕ್ಕೆ ಹಾರಗೊಡುವುದಿಲ್ಲ. ಗಾಡಿಯ ಹಿಂದೆ ಪುಟ್ಟ ಆಂಟೆನಾ ಒಂದು ಕಾಣುತ್ತದೆ, ಅಷ್ಟೇ ಅದರ ಗುರುತು. ಇಂಥ ಸಹಾಯದ ರುಚಿ ಕಂಡವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಎರಡನೆಯ ದೂರು ಮೈಯನ್ನೇ ಅಂಕಿಯಾಗಿ ಮಾಡಿದ್ದಕ್ಕೆ. 1992ರ ಎಂಟು ಸವಾರರಲ್ಲಿ ಹೆಣ್ಣೆಂದು ಕಾಣುವವಳು ಪೀಚ್ ಒಬ್ಬಳೇ. ಅವಳಿಗೆ ಕೊಟ್ಟಿದ್ದು ಪಿಕಪ್ ಜಾಸ್ತಿ, ಕೊನೆಯ ವೇಗ ಕಡಿಮೆ. ಪಿಕಪ್ಪಿನ ಬೆಲೆ ಮೇಲೆ ಹೇಳಿದೆನಲ್ಲ, ಹಾಗಾಗಿ ಇದು ಅನ್ಯಾಯ ಎನ್ನಲಾರೆ. ಆದರೆ ಗೀಟು ಬಿದ್ದುಹೋಯಿತು. ದಪ್ಪಗಿದ್ದರೆ ವೇಗ, ಸಣ್ಣಗಿದ್ದರೆ ಚುರುಕು. ಆಮೇಲೆ ಹುಡುಗಿಯರು ಒಬ್ಬೊಬ್ಬರಾಗಿ ಬಂದರು. 2003ರಲ್ಲಿ ಡೇಸಿ ಮತ್ತು ಟೋಡೆಟ್, 2008ರಲ್ಲಿ ರೋಸಲೀನಾ. ಈ ರೋಸಲೀನಾ ನನಗೆ ಬಹಳ ಇಷ್ಟವಾದಳು. ಆಕಾಶದ ನಕ್ಷತ್ರಗಳನ್ನು ಸಾಕುವ, ತೆಳ್ಳಗೆ ಎತ್ತರದ, ಗಂಭೀರ ಮುಖದ ರಾಣಿ. ಅವಳನ್ನು ಕೂರಿಸಿದ್ದು ಬೌಸರ್ ಇರುವ ಭಾರದ ಗುಂಪಿನಲ್ಲಿ! ಗೌನು ತೊಟ್ಟವಳೂ ಬೌಸರ್‌ನ ಸಾಲಿನಲ್ಲಿ ಕೂರಬಹುದು ಎಂದು ಆಟ ಮೊದಲ ಬಾರಿ ಒಪ್ಪಿಕೊಂಡ ಹಾಗಿತ್ತು.

2014ರಲ್ಲಿ ಇನ್ನೊಂದು ತಮಾಷೆ ನಡೆಯಿತು. ಅದೇ ಪೀಚ್‌ಳನ್ನು ಅಡಿಯಿಂದ ಮುಡಿಯವರೆಗೆ ಗುಲಾಬಿ ಚಿನ್ನದಲ್ಲಿ ಎರಕ ಹೊಯ್ದು 'ಪಿಂಕ್ ಗೋಲ್ಡ್ ಪೀಚ್' ಎಂದು ಬೇರೆಯೇ ಸವಾರಳನ್ನಾಗಿ ತಂದರು. ಚಿನ್ನ ಮೈಗೇರಿದ ಕೂಡಲೇ ಅವಳ ತೂಕ ಏರಿ, ಲೋಹದ ಮಾರಿಯೋನ ಗುಂಪಿಗೆ ಸೇರಿಬಿಟ್ಟಳು. ಸ್ಪೀಡು ಏರಿತು, ಪಿಕಪ್ಪು ಇಳಿಯಿತು. ಇದನ್ನು ಕೇಳಿ ನನ್ನ ತಂಗಿ, "ನಮ್ಮ ಕಡೆ ಮದುವೆ ಹೆಣ್ಣನ್ನು ನೋಡಿಯೇ ಮಾಡಿರಬೇಕು ಕಣೆ. ಮೈತುಂಬ ಚಿನ್ನ ಹೇರಿಕೊಂಡ ಮೇಲೆ ಕೂತಲ್ಲಿಂದ ಏಳೋದಕ್ಕೇ ಹೊತ್ತು ಬೇಕು" ಎಂದಳು. ಜಪಾನಿನವರು ನಮ್ಮ ಮದುವೆಮನೆ ನೋಡಿದ್ದರೋ ಇಲ್ಲವೋ, ಲೆಕ್ಕ ಮಾತ್ರ ತಾಳೆಯಾಯಿತು.

ತಮಾಷೆ ಇರಲಿ. ಮುಖಕ್ಕೂ ಅಂಕಿಗೂ ಗಂಟು ಹಾಕಿದಾಗ ಮಗು ತನಗಿಷ್ಟವಾದವರನ್ನು ಬಿಡಬೇಕಾಗುತ್ತದೆ. ಇದು ಅತಿ ಕೆಟ್ಟದಾಗಿ ಕಂಡದ್ದು 2008ರ 'ಮಾರಿಯೋ ಕಾರ್ಟ್ ವೀ' ಆಟದಲ್ಲಿ. ಅಲ್ಲಿ ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಅಳತೆಯ ಸವಾರರು. ಒಂದೊಂದು ಅಳತೆಯವರಿಗೂ ಬೇರೆ ಬೇರೆ ಹನ್ನೆರಡು ಗಾಡಿಗಳು. ದೊಡ್ಡವರಿಗೆಂದು ಇಟ್ಟ 'ಫ್ಲೇಮ್ ರನ್ನರ್' ಎಂಬ ಬೈಕಿಗೆ ಫಂಕಿ ಕಾಂಗ್ ಎಂಬ ಗೊರಿಲ್ಲಾವನ್ನು ಹತ್ತಿಸಿದರೆ ಸರಿಸಾಟಿಯೇ ಇಲ್ಲ ಎಂಬುದು ಬಹುಬೇಗ ಗೊತ್ತಾಯಿತು. ಗಡಿಯಾರದ ಓಟದ ದಾಖಲೆಪಟ್ಟಿಗಳ ತುಂಬ ಅದೇ ಗೊರಿಲ್ಲಾ, ಅದೇ ಬೈಕು. ಮಧ್ಯಮ ಅಳತೆಯ ಪೀಚ್‌ಳನ್ನು ಆರಿಸಿದ ಹುಡುಗಿಗೆ ಆ ಬೈಕನ್ನು ಮುಟ್ಟುವ ಹಕ್ಕೂ ಇರಲಿಲ್ಲ.

ಹೀಗೆ ನೋಡಿದರೆ ಕೊಟ್ಟು ತೆಗೆದುಕೊಳ್ಳುವ ಸಮತೋಲದ ಮಾತು ಸಂಪೂರ್ಣ ಉಳಿಯುವುದೂ ಇಲ್ಲ. ಎಲ್ಲ ಆಯ್ಕೆಗಳೂ ನಿಜಕ್ಕೂ ಸಮನಾಗಿದ್ದರೆ ನುರಿತವರು ನಾನಾ ಬಗೆಯವರನ್ನು ಆರಿಸಬೇಕಿತ್ತು. ಆಗುವುದು ಬೇರೆ. 2017ರ ಆಟದಲ್ಲಿ ಬಹುಕಾಲ ನುರಿತವರೆಲ್ಲ ವಾಲುಯಿಜಿ ಎಂಬ ಕಡ್ಡಿ ಮೀಸೆಯವನನ್ನು 'ವಿಗ್ಲರ್' ಎಂಬ ಕಂಬಳಿಹುಳುವಿನಂಥ ಗಾಡಿಯಲ್ಲಿ ಕೂರಿಸುತ್ತಿದ್ದರು. ಸ್ಪೀಡನ್ನು ಹೆಚ್ಚು ಬಿಡದೆ ಮಿನಿ ಟರ್ಬೋವನ್ನೂ ಹಿಡಿದಿಟ್ಟ ಜೋಡಣೆ ಅದು. ಕಂಪನಿ 2023ರಲ್ಲಿ ಅಂಕಿಗಳನ್ನು ಅಲ್ಲಲ್ಲಿ ತಿದ್ದಿತು. ಕೂಡಲೇ ಗುಂಪು ಎದ್ದು ಯೋಶಿಯನ್ನು 'ಟೆಡ್ಡಿ ಬಗ್ಗಿ'ಯಲ್ಲಿ ಕೂರಿಸಲು ಹೊರಟಿತು. ಒಂದು ಮದುವೆಯಲ್ಲಿ ಯಾರೋ ಉಟ್ಟ ಸೀರೆಯನ್ನು ಮುಂದಿನ ಹತ್ತು ಮದುವೆಯಲ್ಲಿ ಎಲ್ಲರೂ ಉಡುವ ಹಾಗೆ. ಇಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಎರಡು ಸಲವೂ ಗೆದ್ದ ಜೋಡಣೆಗೆ ಸ್ಪೀಡಿನ ಗೆರೆ ಎಲ್ಲರಿಗಿಂತ ಉದ್ದವಾಗಿರಲಿಲ್ಲ. ನುರಿತವರು ಬಹಳ ಹಿಂದೆಯೇ ಸ್ಪೀಡಿನ ಗೆರೆಯನ್ನಷ್ಟೇ ನಂಬುವುದನ್ನು ಬಿಟ್ಟಿದ್ದರು. ನಂಬಿದ್ದು ಎಂಟು ವರ್ಷದ ನಮ್ಮ ಹುಡುಗ.

ಮುಖಕ್ಕೂ ಅಂಕಿಗೂ ಹಾಕಿದ ಗಂಟನ್ನು ಬಿಚ್ಚುವುದು ಅಸಾಧ್ಯವೇನಲ್ಲ. 'ಕ್ರ್ಯಾಶ್ ಟೀಮ್ ರೇಸಿಂಗ್' ಎಂಬ ಇನ್ನೊಂದು ಕಾರ್ಟ್ ಆಟ 1999ರಲ್ಲಿ ಬಂದಿತ್ತು. ಅಲ್ಲೂ ಇದೇ ಕಥೆ. ನಾಯಕ ಕ್ರ್ಯಾಶ್ ಮಧ್ಯಮ, ಅವನ ಬುದ್ಧಿವಂತ ತಂಗಿ ಕೋಕೋಗೆ ಪಿಕಪ್ಪು, ಪುಟಾಣಿ ಕರಡಿಮರಿ ಹುಲಿಮರಿಗಳಿಗೆ ತಿರುವು, ದಢೂತಿಗಳಿಗೆ ಸ್ಪೀಡು. 2019ರಲ್ಲಿ ಅದನ್ನು ಹೊಸದಾಗಿ ಮಾಡಿ ಬಿಟ್ಟರು. ಮೊದಲು ಹಳೆಯ ಪದ್ಧತಿಯೇ ಇತ್ತು. ಆಮೇಲೆ ತಿದ್ದುಪಡಿ ತಂದು, ಯಾವ ಸವಾರನಿಗೆ ಬೇಕಾದರೂ ಯಾವ ಬಗೆಯ ಓಟವನ್ನಾದರೂ ಕೊಟ್ಟುಕೊಳ್ಳಬಹುದು ಎಂದರು. ಕೋಕೋ ಸ್ಪೀಡಿನವಳೂ ಆಗಬಹುದು, ದಢೂತಿ ಹುಲಿ ಚುರುಕಾಗಿಯೂ ತಿರುಗಬಹುದು. ಆಕಾಶವೇನೂ ಕಳಚಿ ಬೀಳಲಿಲ್ಲ. ಕೊಟ್ಟು ತೆಗೆದುಕೊಳ್ಳುವ ಲೆಕ್ಕ ಹಾಗೆಯೇ ಉಳಿಯಿತು, ಅದು ಮೈಗೆ ಅಂಟಿಕೊಂಡಿರಲಿಲ್ಲ ಅಷ್ಟೆ. ಮಾರಿಯೋ ಕಾರ್ಟ್ ಕೂಡ ಇದನ್ನು ಕಲಿಯಬಹುದಿತ್ತು. 2025ರ ಜೂನಿನಲ್ಲಿ ಬಂದ ಅದರ ಹೊಸ ಆಟ 'ಮಾರಿಯೋ ಕಾರ್ಟ್ ವರ್ಲ್ಡ್'ನಲ್ಲಿ ಟೈರು, ಗ್ಲೈಡರ್ ಜೋಡಿಸುವ ಗೊಡವೆ ತೆಗೆದು ಸವಾರ ಮತ್ತು ಗಾಡಿ ಎರಡೇ ಉಳಿಸಿದ್ದಾರೆ. ಇಪ್ಪತ್ತನಾಲ್ಕು ಜನ ಒಟ್ಟಿಗೆ ಓಡುತ್ತಾರೆ. ಸವಾರರಿಗೆ ಬಗೆಬಗೆಯ ಉಡುಪು ತೊಡಿಸಬಹುದು, ಉಡುಪಿನಿಂದ ಅಂಕಿ ಬದಲಾಗುವುದಿಲ್ಲ. ಆದರೆ ಸವಾರರ ಮೈಗೆ ಅಂಟಿದ ಅಂಕಿ ಮಾತ್ರ ಹಾಗೆಯೇ ಇದೆ. ಮೊದಲಿಗಿಂತ ಎರಡರಷ್ಟು ಜನ ಒಂದೇ ದಾರಿಯಲ್ಲಿ ನುಗ್ಗುವಾಗ ತಡೆಗಳೂ ಎರಡರಷ್ಟು ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಒಟ್ಟಿನಲ್ಲಿ ನನ್ನ ತೀರ್ಪು ಏನು? ಈ ಆಟ ಮನೆಯಲ್ಲಿರಲಿ ಎಂದೇ ಹೇಳುತ್ತೇನೆ. ಹೊಡೆತ ತಿಂದು ಎದ್ದು ಓಡುವುದನ್ನೂ ಒಂದು ಬಲವೆಂದು ಲೆಕ್ಕ ಹಿಡಿದ ಆಟಗಳು ಹೆಚ್ಚಿಲ್ಲ. ಆದರೆ ತೋರಿಸಿದ ಗೆರೆಯನ್ನೇ ಪೂರ್ತಿ ಸತ್ಯ ಎಂದುಕೊಳ್ಳುವ ಅಭ್ಯಾಸವನ್ನೂ ಅದು ಮಕ್ಕಳಿಗೆ ಹಿಡಿಸುತ್ತದೆ. ಆ ಅಭ್ಯಾಸ ಟೀವಿಯ ಮುಂದೆಯೇ ಉಳಿಯುವುದಿಲ್ಲ. ಅಂಕಪಟ್ಟಿಯ ಹತ್ತಿರ ಬರುತ್ತದೆ, ಕೆಲಸದ ಸಂದರ್ಶನಕ್ಕೆ ಹೋಗುತ್ತದೆ, ನಾಳೆ ಇನ್ನಾರದೋ ಮನೆಯಲ್ಲಿ ಹೆಣ್ಣು ನೋಡುವಾಗ ಜೊತೆಗೇ ಕೂರುತ್ತದೆ.

ಅದಕ್ಕೇ ಆರಿಸು ಎಂದು ಗದರುವ ಮೊದಲು ಒಂದು ಸಲ ಪಕ್ಕದಲ್ಲಿ ಕೂತು, ಪ್ಲಸ್ ಗುಂಡಿ ಒತ್ತಿಸಿ ಗೆರೆಗಳನ್ನು ನೋಡಿ. ಯಾರಿಗೆ ಯಾವುದು ಜಾಸ್ತಿ, ಯಾವ ದಾರಿಗೆ ಯಾವುದು ಬೇಕು, ಇಲ್ಲಿ ಬರೆಯದೇ ಬಿಟ್ಟಿದ್ದು ಏನು ಎಂದು ಕೇಳಿ. ಮಕ್ಕಳು ಬಹಳ ಉತ್ಸಾಹದಿಂದ ಹೇಳಿಕೊಡುತ್ತಾರೆ. ಸ್ಪೀಡು ಕಮ್ಮಿ ಎಂದು ಯಾರಾದರೂ ನಿಮ್ಮ ಮನೆಯ ಹುಡುಗಿಯನ್ನು ಆಡಿಕೊಂಡರೆ ಪಿಕಪ್ಪು ಎಷ್ಟಿದೆ ನೋಡು ಎನ್ನಿ. ಆಮೇಲೆ ಬೇಕಾದರೆ ಟೀವಿ ಆರಿಸಿ. ಕಣ್ಣಿನ ಮಾತು ನಿಜವೇ.